ಬ್ರೆಸ್ಟ್ ಕ್ಯಾನ್ಸರ್ ಬಯಾಪ್ಸಿ ರಿಪೋರ್ಟ್ ಓದೋದು ಹೇಗೆ

ಮೊದ್ಲು ಐಎಚ್‌ಸಿ (ಗಡ್ಡೆಯ ಸೆಲ್‌ಗಳಿಗೆ ಬಣ್ಣ ಹಾಕಿ ಯಾವ ಪ್ರೋಟೀನ್ ಇದೆ ಅಂತ ನೋಡೋ ಟೆಸ್ಟ್) ಅಂತಿರೋ ಭಾಗ ಹುಡುಕಿ. ಇಆರ್, ಪಿಆರ್ ಅಂದ್ರೆ ಈಸ್ಟ್ರೋಜನ್, ಪ್ರೊಜೆಸ್ಟರಾನ್ ರಿಸೆಪ್ಟರ್‌ಗಳು (ಆ ಹಾರ್ಮೋನ್‌ಗಳು ಬಂದು ಅಂಟ್ಕೊಳ್ಳೋ ಪ್ರೋಟೀನ್‌ಗಳು), 1%ಗಿಂತ ಕಡಿಮೆ ಸೆಲ್‌ಗಳಲ್ಲಿ ಇದ್ರೆ ನೆಗೆಟಿವ್, ಇಆರ್ 1ರಿಂದ 10% ಇದ್ರೆ ಲೋ ಪಾಸಿಟಿವ್ ಅಂತಾರೆ, ಹಾಗಾಗಿ ಬರೀ ಪಾಸಿಟಿವ್ ಅಂತಿರೋದು ನೋಡಿ ಬಿಡ್ಬೇಡಿ, ಪರ್ಸೆಂಟೂ ನೋಡಿ. ಆಮೇಲೆ ಕೆಐ-67, ಇದು ಸೆಲ್ ಡಿವೈಡ್ ಆಗೋ ಸೈಕಲ್‌ನಲ್ಲಿದ್ದಾಗ ಕಾಣೋ ಪ್ರೋಟೀನ್, ಸುಮ್ನೆ ರೆಸ್ಟಲ್ಲಿರೋ ಸೆಲ್ಲಲ್ಲಿ ಕಾಣಲ್ಲ. ಜಾಸ್ತಿ ಇದ್ರೆ ಗಡ್ಡೆ ಬೇಗ ಬೆಳೀತಿದೆ ಅಂತ, ಆದ್ರೆ ಲ್ಯಾಬಿಂದ ಲ್ಯಾಬಿಗೆ ನಂಬರ್ ಬದಲಾಗತ್ತೆ, 18% ಬಂತಾ 22% ಬಂತಾ ಅಂತ ನಿದ್ದೆಗೆಡೋದು ಬೇಡ. ಈಸ್ಟ್ರೋಜನ್ ಹೋಗಿ ಇಆರ್‌ಗೆ ಅಂಟ್ಕೊಂಡ್ರೆ ಸೈಕ್ಲಿನ್ ಡಿ1 ಅನ್ನೋ ಪ್ರೋಟೀನ್ ಜಾಸ್ತಿಯಾಗಿ, ಸೆಲ್ ಡಿವೈಡ್ ಆಗೋ ಹಾಗೆ ಮಾಡೋ ಸಿಡಿಕೆ4/6 ಎಂಜೈಮ್‌ಗಳನ್ನ ಎಬ್ಬಿಸತ್ತೆ, ಅದಕ್ಕೇ ಕೆಲವ್ರಿಗೆ ಹಾರ್ಮೋನ್ ಟ್ರೀಟ್‌ಮೆಂಟ್ ಜೊತೆ ಆ ಎಂಜೈಮ್‌ಗಳನ್ನ ತಡೆಯೋ ಪಾಲ್ಬೋಸಿಕ್ಲಿಬ್ ಥರದ ಮಾತ್ರೆ ಕೊಡೋದು. ಹರ್2 (ಸೆಲ್ ಬೆಳೆಯೋಕೆ ಸಿಗ್ನಲ್ ಕೊಡೋ ಪ್ರೋಟೀನ್) ಮುಂದೆ 2+ ಅಂತಿದ್ರೆ ಪಾಸಿಟಿವೋ ನೆಗೆಟಿವೋ ಇನ್ನೂ ಖಚಿತ ಇಲ್ಲ ಅಂತ, ಆಗ ಫಿಶ್ ಟೆಸ್ಟ್ (ಹರ್2 ಜೀನ್ ಜಾಸ್ತಿ ಇದ್ಯಾ ಅಂತ ನೋಡೋ ಟೆಸ್ಟ್) ಆಗಿದ್ಯಾ ಅಂತ ಡಾಕ್ಟರ್‌ನ ಕೇಳಿ.