ಫ್ಯಾಂಟಸಿ ಡ್ರಾಫ್ಟ್‌ಗೆ ಮುಂಚೆ ಒಂದು ತಂಡವನ್ನು ಓದುವುದು ಹೇಗೆ?

ಆಗಸ್ಟ್ ಬಂತೆಂದರೆ ಅಮೆರಿಕದ ಆಫೀಸುಗಳಲ್ಲಿ ಒಂದು ಆಹ್ವಾನ ಓಡಾಡುತ್ತದೆ. ‘ನಮ್ಮ ಫ್ಯಾಂಟಸಿ ಫುಟ್‌ಬಾಲ್ ಲೀಗ್‌ನಲ್ಲಿ ಒಂದು ಜಾಗ ಖಾಲಿ ಇದೆ, ಸೇರ್ತೀಯಾ?’ ನಿಜವಾದ ಆಟಗಾರರನ್ನು ಆರಿಸಿ ನಿಮ್ಮದೇ ತಂಡ ಕಟ್ಟುವ ಆಟ ಇದು; ಅವರು ಮೈದಾನದಲ್ಲಿ ಆಡಿದ್ದಕ್ಕೆ ನಿಮಗೆ ಪಾಯಿಂಟ್. ಸರದಿಯಂತೆ ಒಬ್ಬೊಬ್ಬರನ್ನೇ ಆರಿಸಿಕೊಳ್ಳುವುದಕ್ಕೆ ಡ್ರಾಫ್ಟ್ ಅನ್ನುತ್ತಾರೆ. ಡೆಟ್ರಾಯಿಟ್ ಸುತ್ತ ಕಾರು ಕಂಪನಿಗಳಲ್ಲಿ ಕೆಲಸ ಮಾಡುವ ಕನ್ನಡಿಗರು ತುಂಬಾ ಜನ ಇದ್ದಾರೆ. ಅವರಿಗೂ ಈ ಆಹ್ವಾನ ಹೊಸದಲ್ಲ. ಸೇರುವುದು ಸುಲಭ. ಡ್ರಾಫ್ಟ್ ದಿನ ನೂರಾರು ಹೆಸರು ಪರದೆ ಮೇಲೆ ಬಂದಾಗ ಏನು ಮಾಡಬೇಕು ಅನ್ನುವುದೇ ಕಷ್ಟ.

ಅಮೆರಿಕನ್ ಫುಟ್‌ಬಾಲ್‌ನ ಲೀಗ್ ಆದ ಎನ್‌ಎಫ್‌ಎಲ್‌ನ 32 ತಂಡಗಳನ್ನೂ ಒಟ್ಟಿಗೆ ಓದಲು ಹೋಗಬೇಡಿ. ಒಂದೇ ಒಂದು ತಂಡವನ್ನು ಪೂರ್ತಿ ಓದಿ. ಆ ಅಭ್ಯಾಸ ಕೈಗೆ ಬಂದರೆ ಉಳಿದ ತಂಡಗಳು ಬೇಗ ಬೇಗ ಮುಗಿಯುತ್ತವೆ. ಇಲ್ಲಿ ಡೆಟ್ರಾಯಿಟ್ ಲಯನ್ಸ್ ತಂಡವನ್ನು ತೆಗೆದುಕೊಳ್ಳೋಣ. 2023ರ ಸೀಸನ್ ಮುಗಿದಿದೆ, 2024ರ ಡ್ರಾಫ್ಟ್‌ಗೆ ತಯಾರಾಗುತ್ತಿದ್ದೇವೆ ಅಂದುಕೊಳ್ಳಿ. ಈ ವರ್ಷವನ್ನೇ ಆರಿಸಿದ್ದಕ್ಕೆ ಕಾರಣ ಇದೆ. 2024ರಲ್ಲಿ ಏನಾಯಿತು ಎಂದು ನಮಗೆ ಗೊತ್ತು. ಲೆಕ್ಕ ಮಾಡಿ, ಕೂಡಲೇ ಉತ್ತರ ನೋಡಿಕೊಳ್ಳಬಹುದು.

ಹಂತ 1: ಮೊದಲು ನಿಮ್ಮ ಲೀಗ್‌ನ ನಿಯಮ ಓದಿ

ಸಾಮಾನ್ಯ ಲೆಕ್ಕ ಹೀಗಿದೆ. ಓಡಿ ಅಥವಾ ಕ್ಯಾಚ್ ಹಿಡಿದು ಗಳಿಸಿದ ಪ್ರತಿ 10 ಯಾರ್ಡ್‌ಗೆ 1 ಪಾಯಿಂಟ್. ಚೆಂಡನ್ನು ಎದುರಾಳಿಯ ಗೋಲ್ ಲೈನ್ ದಾಟಿಸಿದರೆ ಟಚ್‌ಡೌನ್, ಅದಕ್ಕೆ 6. ಚೆಂಡು ಎಸೆಯುವವನು ಕ್ವಾರ್ಟರ್‌ಬ್ಯಾಕ್; ಅವನು ಎಸೆದ 25 ಯಾರ್ಡ್‌ಗೆ 1, ಅವನು ಎಸೆದ ಟಚ್‌ಡೌನ್‌ಗೆ 4. ಚೆಂಡು ಎದುರಾಳಿ ಕೈಗೆ ಹೋದರೆ ಪಾಯಿಂಟ್ ಕಡಿತ. ಜೊತೆಗೆ ಕೆಲವು ಲೀಗ್‌ಗಳಲ್ಲಿ ಪ್ರತಿ ಕ್ಯಾಚ್‌ಗೂ 1 ಪಾಯಿಂಟ್ ಇರುತ್ತದೆ. ಇದನ್ನು ಪಿಪಿಆರ್ ಅನ್ನುತ್ತಾರೆ. ಅರ್ಧ ಪಾಯಿಂಟ್ ಕೊಡುವ ಲೀಗ್‌ಗಳೂ ಇವೆ, ಏನೂ ಕೊಡದವೂ ಇವೆ.

ಇದರಿಂದ ಎಷ್ಟು ವ್ಯತ್ಯಾಸ ಆಗುತ್ತದೆ ನೋಡಿ. ಲಯನ್ಸ್‌ನ ರಿಸೀವರ್ (ಎಸೆದ ಚೆಂಡು ಹಿಡಿಯುವವನು) ಅಮಾನ್-ರಾ ಸೇಂಟ್ ಬ್ರೌನ್ 2023ರಲ್ಲಿ 119 ಕ್ಯಾಚ್ ಹಿಡಿದು 1,515 ಯಾರ್ಡ್, 10 ಟಚ್‌ಡೌನ್ ಗಳಿಸಿದರು. ಪಿಪಿಆರ್‌ನಲ್ಲಿ ಅದು 330 ಪಾಯಿಂಟ್. ಕ್ಯಾಚ್‌ಗೆ ಬೆಲೆ ಇಲ್ಲದ ಲೀಗ್‌ನಲ್ಲಿ ಬರೀ 211. ಆಟಗಾರ ಅವನೇ, ಆಟವೂ ಅದೇ. ಬೇರೆಯವರ ಲೀಗ್‌ಗೆ ಮಾಡಿದ ರ‍್ಯಾಂಕಿಂಗ್ ಪಟ್ಟಿ ಹಿಡಿದು ಡ್ರಾಫ್ಟ್‌ಗೆ ಕೂರಬಾರದು ಅನ್ನುವುದು ಇದಕ್ಕೇ.

ಹಂತ 2: ಯಾರು ಯಾವ ಜಾಗದಲ್ಲಿದ್ದಾರೆ, ಬರೆದುಕೊಳ್ಳಿ

ಒಂದು ಹಾಳೆಯಲ್ಲಿ ತಂಡದ ಆಕ್ರಮಣದ ಜಾಗಗಳನ್ನು ಬರೆಯಿರಿ. ಆಟಗಾರರ ಹೆಸರು ಆಮೇಲೆ. ಚೆಂಡು ಎಸೆಯುವವನು, ಮೊದಲ ರಿಸೀವರ್, ದೂರಕ್ಕೆ ಓಡುವ ರಿಸೀವರ್, ಟೈಟ್ ಎಂಡ್ (ಚೆಂಡೂ ಹಿಡಿಯುವ, ಎದುರಾಳಿಯನ್ನೂ ತಡೆಯುವವನು), ಮುಖ್ಯ ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವವನು), ಗೋಲ್ ಲೈನ್ ಹತ್ತಿರ ಚೆಂಡು ಪಡೆಯುವವನು. ಈಗ ಹೆಸರು ತುಂಬಿ. ತಂಡ ಬಿಟ್ಟು ಹೋದವರ ಜಾಗದಲ್ಲಿ ಖಾಲಿ ಗೆರೆ ಎಳೆಯಿರಿ.

ಜಾಗವನ್ನೇ ಮೊದಲು ಬರೆಯಿರಿ ಅಂದಿದ್ದಕ್ಕೆ ಲಯನ್ಸ್‌ನಲ್ಲೇ ಒಳ್ಳೆಯ ಉದಾಹರಣೆ ಇದೆ. 2022ರಲ್ಲಿ ಜಮಾಲ್ ವಿಲಿಯಮ್ಸ್ ಈ ತಂಡದ ಪರ ಓಡಿ 17 ಟಚ್‌ಡೌನ್ ಹೊಡೆದರು. ಇಡೀ ಲೀಗ್‌ಗೇ ಅದು ಜಾಸ್ತಿ. ಮುಂದಿನ ವರ್ಷ ಅವರು ನ್ಯೂ ಆರ್ಲಿಯನ್ಸ್ ಸೇಂಟ್ಸ್‌ಗೆ ಹೋದರು. ಅಲ್ಲಿ ಸಿಕ್ಕಿದ್ದು 1 ಟಚ್‌ಡೌನ್. ಇತ್ತ ಲಯನ್ಸ್‌ನಲ್ಲಿ ಅವರ ಜಾಗಕ್ಕೆ ಶಿಕಾಗೋದಿಂದ ಡೇವಿಡ್ ಮಾಂಟ್ಗಮರಿ ಬಂದರು. 14 ಪಂದ್ಯಗಳಲ್ಲಿ 13 ಟಚ್‌ಡೌನ್ ಹೊಡೆದರು. ಹೋದವನ ಜೊತೆ ಟಚ್‌ಡೌನ್ ಹೋಗಲಿಲ್ಲ, ಜಾಗದಲ್ಲೇ ಉಳಿಯಿತು. ಫ್ಯಾಂಟಸಿಯಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ನಂಬುವ ವಿಷಯ ಇದು.

2024ರ ಹಾಳೆಯಲ್ಲಿ ಒಂದು ಖಾಲಿ ಗೆರೆ ಇತ್ತು. 40 ಕ್ಯಾಚ್, 608 ಯಾರ್ಡ್ ಗಳಿಸಿದ್ದ ರಿಸೀವರ್ ಜಾಶ್ ರೆನಾಲ್ಡ್ಸ್ ಡೆನ್ವರ್‌ಗೆ ಹೋಗಿದ್ದರು. ಈ ಗೆರೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಂತ 3: ಅವಕಾಶ ಎಣಿಸಿ

ಕ್ರಿಕೆಟ್ ಫ್ಯಾಂಟಸಿ ಆಡಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಟಿ20ಯಲ್ಲಿ ಏಳನೇ ಕ್ರಮಾಂಕದ ಬ್ಯಾಟರ್ ಎಷ್ಟೇ ಚೆನ್ನಾಗಿ ಹೊಡೆಯಲಿ, ಅವನಿಗೆ ಹತ್ತು ಎಸೆತ ಸಿಕ್ಕರೆ ಹೆಚ್ಚು. ಆರಂಭಿಕನ ಮುಂದೆ 20 ಓವರ್ ಇರುತ್ತದೆ. ಇಲ್ಲೂ ಹಾಗೇ. ರಿಸೀವರ್ ಕಡೆಗೆ ಎಷ್ಟು ಸಲ ಚೆಂಡು ಎಸೆದರು ಅನ್ನುವುದು ಟಾರ್ಗೆಟ್. ರನ್ನಿಂಗ್ ಬ್ಯಾಕ್ ಕೈಗೆ ಎಷ್ಟು ಸಲ ಕೊಟ್ಟರು ಅನ್ನುವುದು ಕ್ಯಾರಿ. ಯಾರ್ಡ್ ನೋಡುವ ಮೊದಲು ಇವೆರಡನ್ನು ನೋಡಿ.

2023ರಲ್ಲಿ ಕ್ವಾರ್ಟರ್‌ಬ್ಯಾಕ್ ಜ್ಯಾರೆಡ್ ಗಾಫ್ 605 ಸಲ ಎಸೆದರು. ಅದರಲ್ಲಿ 164 ಸೇಂಟ್ ಬ್ರೌನ್ ಕಡೆಗೆ. ಅಂದರೆ ನೂರಕ್ಕೆ 27. ಟೈಟ್ ಎಂಡ್ ಸ್ಯಾಮ್ ಲಪೋರ್ಟಾ ಕಡೆಗೆ 120, ಅಂದರೆ ನೂರಕ್ಕೆ 20. ಹೀಗೆ ಪಾಲು ತೆಗೆಯುವುದು ಮುಖ್ಯ. ಸುಮ್ನೆ ಸಂಖ್ಯೆ ನೋಡಿದರೆ ತಂಡ ಹೆಚ್ಚು ಎಸೆದಿದ್ದರಿಂದ ಬಂತೋ, ಆಟಗಾರನ ಮೇಲೆ ನಂಬಿಕೆ ಇದ್ದಿದ್ದರಿಂದ ಬಂತೋ ತಿಳಿಯುವುದಿಲ್ಲ.

ಉತ್ತರ ನೋಡೋಣ. 2024ರಲ್ಲಿ ಸೇಂಟ್ ಬ್ರೌನ್ ಟಾರ್ಗೆಟ್ 141ಕ್ಕೆ ಇಳಿಯಿತು. ಬೆಲೆ ಬಿದ್ದುಹೋಯಿತಾ? ಇಲ್ಲ. ಗಾಫ್ ಎಸೆದಿದ್ದೇ 539 ಸಲ. ಪಾಲು ನೂರಕ್ಕೆ 26, ಹೆಚ್ಚುಕಮ್ಮಿ ಹಿಂದಿನಷ್ಟೇ. 115 ಕ್ಯಾಚ್, 12 ಟಚ್‌ಡೌನ್ ಬಂತು. ಎಸೆತ ಕಡಿಮೆಯಾಗಿದ್ದಕ್ಕೂ ಸರಳ ಕಾರಣ ಇದೆ. ತಂಡ 17ರಲ್ಲಿ 15 ಪಂದ್ಯ ಗೆದ್ದಿತು. ಮುಂದಿರುವ ತಂಡ ಸಮಯ ಕಳೆಯಲು ಚೆಂಡು ಹಿಡಿದು ಓಡುತ್ತದೆ. ತಂಡ ತುಂಬಾ ಚೆನ್ನಾಗಿ ಆಡುತ್ತದೆ ಅನ್ನಿಸಿದರೆ ರಿಸೀವರ್‌ಗಳ ಲೆಕ್ಕದಿಂದ ಸ್ವಲ್ಪ ತೆಗೆದು ರನ್ನಿಂಗ್ ಬ್ಯಾಕ್‌ಗಳ ಕಡೆ ಹಾಕಿ.

ಹಂತ 4: ಹೊಸಬನ ದೊಡ್ಡ ವರ್ಷವನ್ನು ಬಿಡಿಸಿ ನೋಡಿ

ನನಗೆ ಇಡೀ ತಂಡದಲ್ಲಿ ಹೆಚ್ಚು ಕಲಿಸಿದ ಆಟಗಾರ ಲಪೋರ್ಟಾ. 2023ರಲ್ಲಿ ಅವರದು ಮೊದಲ ವರ್ಷ. 86 ಕ್ಯಾಚ್, 889 ಯಾರ್ಡ್, 10 ಟಚ್‌ಡೌನ್. ಮೊದಲ ವರ್ಷದ ಟೈಟ್ ಎಂಡ್ ಒಬ್ಬ ಅಷ್ಟು ಕ್ಯಾಚ್ ಹಿಡಿದದ್ದು ಆಗ ದಾಖಲೆ. 2024ರ ಡ್ರಾಫ್ಟ್‌ಗಳಲ್ಲಿ ಅವರು ತಮ್ಮ ಜಾಗದ ಅತಿ ದುಬಾರಿ, ಅಂದರೆ ತುಂಬಾ ಬೇಗ ಆರಿಸಿಕೊಳ್ಳಬೇಕಾದ ಆಟಗಾರರಲ್ಲಿ ಒಬ್ಬರಾಗಿದ್ದರು.

ಎಚ್ಚರದಿಂದ ಲೆಕ್ಕ ಮಾಡುವವರು ಆಗ ಒಂದು ಮಾತು ಹೇಳುತ್ತಿದ್ದರು. ಟಚ್‌ಡೌನ್ ಪ್ರತಿ ವರ್ಷ ಇಷ್ಟು ಬರುವುದಿಲ್ಲ, ಕಡಿಮೆಯಾಗುತ್ತದೆ, ಹುಷಾರು. ಒಳ್ಳೆಯ ಸಲಹೆಯೇ. ಟಚ್‌ಡೌನ್ ನಿಜಕ್ಕೂ ಅದೃಷ್ಟದ ಜೊತೆ ಓಡಾಡುತ್ತದೆ. ಮರು ವರ್ಷ ಲಪೋರ್ಟಾಗೆ 60 ಕ್ಯಾಚ್, 726 ಯಾರ್ಡ್, 7 ಟಚ್‌ಡೌನ್ ಬಂತು. ಸುಮಾರು 235 ಇದ್ದ ಪಾಯಿಂಟ್ 175ಕ್ಕೆ ಇಳಿಯಿತು. ನೋಡಿದ್ರಾ, ಹೇಳಿದ ಹಾಗೇ ಆಯಿತಲ್ವಾ ಅನ್ನಿಸುತ್ತದೆ.

ಆದರೆ ಭಾಗಿಸಿ ನೋಡಿ. 2023ರಲ್ಲಿ 120 ಟಾರ್ಗೆಟ್‌ಗೆ 10 ಟಚ್‌ಡೌನ್. ಹನ್ನೆರಡಕ್ಕೆ ಒಂದು. 2024ರಲ್ಲಿ 83 ಟಾರ್ಗೆಟ್‌ಗೆ 7. ಅದೂ ಹನ್ನೆರಡಕ್ಕೆ ಒಂದು. ಟಚ್‌ಡೌನ್ ಹೊಡೆಯುವ ಪ್ರಮಾಣ ಅಲ್ಲಾಡಲೇ ಇಲ್ಲ. ಕಡಿಮೆಯಾಗಿದ್ದು ಅವರ ಕಡೆ ಬಂದ ಚೆಂಡು. ಪಾಲು ನೂರಕ್ಕೆ 20ರಿಂದ 15ಕ್ಕೆ ಬಿತ್ತು. ಎಲ್ಲರೂ ಸರಿಯಾದ ಭಯ ಪಟ್ಟರು, ತಪ್ಪು ಜಾಗದಲ್ಲಿ. ಕೇಳಬೇಕಾಗಿದ್ದ ಪ್ರಶ್ನೆ, ‘ಇವನ ಪಕ್ಕದಲ್ಲಿ ಯಾರು ಬೆಳೆಯುತ್ತಿದ್ದಾರೆ?’

ಹಂತ 5: ಕಡಿಮೆ ಅಂಕಿಯ ಹಿಂದಿನ ಕಾರಣ ಹುಡುಕಿ

ಬೆಳೆಯುತ್ತಿದ್ದವರು ರಿಸೀವರ್ ಜೇಮ್ಸನ್ ವಿಲಿಯಮ್ಸ್. 2022ರಲ್ಲಿ ಕಾಲೇಜು ಆಟಗಾರರನ್ನು ಎನ್‌ಎಫ್‌ಎಲ್ ತಂಡಗಳು ಆರಿಸುವ ನಿಜವಾದ ಡ್ರಾಫ್ಟ್‌ನಲ್ಲಿ 12ನೆಯವರಾಗಿ ಬಂದವರು, ಗಾಳಿಯಂಥ ಓಟ. ಆದರೆ ಕಾಲೇಜಿನ ಕೊನೆಯ ಪಂದ್ಯದಲ್ಲಿ ಮೊಣಕಾಲಿನ ಲಿಗಮೆಂಟ್ ಹರಿದಿತ್ತು. ಮೊದಲ ವರ್ಷ ಬಹುಪಾಲು ಅದರಲ್ಲೇ ಹೋಯಿತು. ಎರಡನೇ ವರ್ಷ ಬೆಟ್ಟಿಂಗ್ ನಿಯಮ ಮುರಿದದ್ದಕ್ಕೆ 4 ಪಂದ್ಯ ಅಮಾನತು. 2023ರ ಅವರ ಲೆಕ್ಕ 42 ಟಾರ್ಗೆಟ್, 24 ಕ್ಯಾಚ್, 354 ಯಾರ್ಡ್ ಅಷ್ಟೇ.

ಈ ಅಂಕಿ ನೋಡಿ ಬಿಟ್ಟುಬಿಡುವವರೇ ಜಾಸ್ತಿ. ಹಾಳೆ ತೆಗೆದು ನೋಡಿ. ಆಡಲು ಬಾರದೆ ಅಂಕಿ ಕಡಿಮೆಯಾಯಿತಾ, ಮೈದಾನದಲ್ಲೇ ಇಲ್ಲದೆ ಕಡಿಮೆಯಾಯಿತಾ? ಎರಡನೆಯದು. ಮೇಲಾಗಿ ರೆನಾಲ್ಡ್ಸ್ ಬಿಟ್ಟುಹೋದ ಜಾಗ ಖಾಲಿ ಇದೆ, ತಂಡ ಅಲ್ಲಿಗೆ ದೊಡ್ಡ ಹೆಸರು ಯಾರನ್ನೂ ತಂದಿಲ್ಲ. ಇಂಥ ಆಟಗಾರನನ್ನು ಕೊನೆಯ ಸುತ್ತುಗಳ ಕಡೆ, ಕಡಿಮೆ ಬೆಲೆಗೆ ತೆಗೆದುಕೊಳ್ಳಬೇಕು. 2024ರಲ್ಲಿ ಅವರಿಗೆ 91 ಟಾರ್ಗೆಟ್ ಸಿಕ್ಕಿತು. 1,001 ಯಾರ್ಡ್, 7 ಟಚ್‌ಡೌನ್. ಆ ವರ್ಷವೂ 2 ಪಂದ್ಯ ಅಮಾನತು ಆಗಿತ್ತು, ಅದನ್ನೂ ಸೇರಿಸಿಯೇ ಇಷ್ಟು.

ಹಂತ 6: ಇಬ್ಬರು ಓಟಗಾರರಿದ್ದರೆ ಪಂದ್ಯದ ಲೆಕ್ಕ ಹಾಕಿ

ಮಾಂಟ್ಗಮರಿ ಜೊತೆ ಜಮೀರ್ ಗಿಬ್ಸ್ ಇದ್ದರು. ಇಬ್ಬರಿಗೂ ಸೇರಿ ವಿಡಿಯೋ ಗೇಮ್ ಪಾತ್ರಗಳಾದ ‘ಸಾನಿಕ್ ಮತ್ತು ನಕಲ್ಸ್’ ಅಂತ ಹೆಸರು. ಒಬ್ಬ ವೇಗ, ಇನ್ನೊಬ್ಬ ಗುದ್ದು. 2023ರಲ್ಲಿ ಗಿಬ್ಸ್‌ಗೆ 182 ಕ್ಯಾರಿ, ಮಾಂಟ್ಗಮರಿಗೆ 219. ಹಾಗಾದರೆ ಮಾಂಟ್ಗಮರಿ ಮೇಲಾ?

ಕ್ಯಾಚ್ ನೋಡಿ. ಗಿಬ್ಸ್ 52, ಮಾಂಟ್ಗಮರಿ 16. ಪಿಪಿಆರ್‌ನಲ್ಲಿ ಎಲ್ಲ ಸೇರಿಸಿದರೆ ಗಿಬ್ಸ್‌ಗೆ 15 ಪಂದ್ಯಗಳಲ್ಲಿ ಸುಮಾರು 244, ಪಂದ್ಯಕ್ಕೆ 16. ಮಾಂಟ್ಗಮರಿಗೆ 14 ಪಂದ್ಯಗಳಲ್ಲಿ ಸುಮಾರು 207, ಪಂದ್ಯಕ್ಕೆ 15ಕ್ಕೆ ಸ್ವಲ್ಪ ಕಮ್ಮಿ. ಅಂತರ ತೀರಾ ಚಿಕ್ಕದು. ಆದರೆ ಡ್ರಾಫ್ಟ್‌ನಲ್ಲಿ ಇಬ್ಬರ ನಡುವೆ ಹಲವು ಸುತ್ತುಗಳ ಅಂತರ ಇರುತ್ತಿತ್ತು. ಪ್ರತಿಭೆಯಲ್ಲಿ ಗಿಬ್ಸ್ ಮುಂದೆ, ಬೆಲೆಗೆ ತಕ್ಕ ಸರಕು ಮಾಂಟ್ಗಮರಿ. ನನ್ನ ಅಭಿಪ್ರಾಯದಲ್ಲಿ ಗಿಬ್ಸ್ ತೆಗೆದುಕೊಂಡವರು ಮಾಂಟ್ಗಮರಿಯನ್ನೂ ಹಿಡಿಯಲು ನೋಡಬೇಕಿತ್ತು. ಒಬ್ಬರಿಗೆ ಗಾಯವಾದರೆ ಪೂರ್ತಿ ಕೆಲಸ ಇನ್ನೊಬ್ಬರ ಪಾಲಿಗೆ ಬರುತ್ತದೆ. ಆಗಿದ್ದೂ ಅದೇ. 2024ರ ಡಿಸೆಂಬರ್‌ನಲ್ಲಿ ಬಫಲೋ ವಿರುದ್ಧ ಮಾಂಟ್ಗಮರಿ ಮೊಣಕಾಲಿಗೆ ಪೆಟ್ಟು ಮಾಡಿಕೊಂಡರು. ಅಲ್ಲಿಂದ ಓಟದ ಕೆಲಸ ಹೆಚ್ಚುಕಮ್ಮಿ ಗಿಬ್ಸ್ ಒಬ್ಬರದೇ ಆಯಿತು. ವರ್ಷದ ಕೊನೆಗೆ ಗಿಬ್ಸ್ ಖಾತೆಯಲ್ಲಿ 1,412 ಯಾರ್ಡ್ ಓಟ, ಒಟ್ಟು 20 ಟಚ್‌ಡೌನ್.

ಈ 20ರಲ್ಲಿ ಒಂದು ಗುಟ್ಟಿದೆ. ಅದರಲ್ಲಿ 4 ಬಂದಿದ್ದು ಕೊನೆಯ ವಾರ, 18ನೇ ವಾರದಲ್ಲಿ, ಮಿನ್ನೆಸೋಟ ವಿರುದ್ಧ. ಹೆಚ್ಚಿನ ಫ್ಯಾಂಟಸಿ ಲೀಗ್‌ಗಳು 17ನೇ ವಾರಕ್ಕೇ ಮುಗಿದಿರುತ್ತವೆ. ಅಂದರೆ ಆ ನಾಲ್ಕು ಟಚ್‌ಡೌನ್ ಬಹಳಷ್ಟು ಜನರಿಗೆ ಸಿಗಲೇ ಇಲ್ಲ. ಮುಂದಿನ ವರ್ಷದ ಪಟ್ಟಿಯಲ್ಲಿ ಮಾತ್ರ 20 ಅಂತಲೇ ಕಾಣುತ್ತದೆ. ಒಟ್ಟು ಅಂಕಿ ನೋಡುವಾಗ 18ನೇ ವಾರವನ್ನು ಕಳೆದು ನೋಡಿ.

ಹಂತ 7: ಕ್ವಾರ್ಟರ್‌ಬ್ಯಾಕ್‌ಗೆ ಆತುರ ಬೇಡ

ಗಾಫ್ 2023ರಲ್ಲಿ 4,575 ಯಾರ್ಡ್, 30 ಟಚ್‌ಡೌನ್ ಎಸೆದರು. ಒಳ್ಳೆಯ ಆಟಗಾರ, ಆದರೆ ಓಡುವುದಿಲ್ಲ. ಅದೇ ವರ್ಷ ಬಫಲೋದ ಜಾಶ್ ಅಲೆನ್ ಬರೀ ಓಡಿಯೇ 15 ಟಚ್‌ಡೌನ್ ಹೊಡೆದರು. ಅಲ್ಲಿಗೇ 90 ಪಾಯಿಂಟ್. 12 ಜನರ ಲೀಗ್‌ನಲ್ಲಿ ವಾರಕ್ಕೆ ಬೇಕಾಗುವುದು 12 ಕ್ವಾರ್ಟರ್‌ಬ್ಯಾಕ್ ಮಾತ್ರ, ಆದ್ದರಿಂದ ಗಾಫ್‌ನಂಥವರು ತಡವಾಗಿಯೂ ಸಿಗುತ್ತಾರೆ. ಕಾಯಿರಿ.

ಹಂತ 8: ಆಟಗಾರನ ಸುತ್ತ ಇರುವುದನ್ನು ನೋಡಿ

ರನ್ನಿಂಗ್ ಬ್ಯಾಕ್ ಎಷ್ಟು ಓಡುತ್ತಾನೆ ಅನ್ನುವುದು ಅವನ ಮುಂದೆ ದಾರಿ ಬಿಡಿಸುವ ಐವರ ಮೇಲೆ ನಿಂತಿದೆ. ಲಯನ್ಸ್‌ಗೆ ಆಗ ಪೆನೆ ಸೂವೆಲ್, ಫ್ರ್ಯಾಂಕ್ ರ‍್ಯಾಗ್ನೋ, ಟೇಲರ್ ಡೆಕರ್ ಇದ್ದರು. ತುಂಬಾ ಬಲವಾದ ಸಾಲು. ಆಟ ರೂಪಿಸುತ್ತಿದ್ದವರು ಬೆನ್ ಜಾನ್ಸನ್, 2024ಕ್ಕೂ ಅವರೇ ಉಳಿದಿದ್ದರು. ತವರು ಮೈದಾನ ಫೋರ್ಡ್ ಫೀಲ್ಡ್‌ಗೆ ಚಾವಣಿ ಇದೆ. ಗಾಳಿ, ಹಿಮದ ಕಾಟ ಇಲ್ಲ. ಗ್ರೀನ್ ಬೇ, ಶಿಕಾಗೋ ಮೈದಾನಗಳು ತೆರೆದಿವೆ, ಆ ಪಂದ್ಯಗಳು ಯಾವ ತಿಂಗಳಲ್ಲಿವೆ ಎಂದು ನೋಡಿಕೊಳ್ಳಿ.

ತಂಡಕ್ಕೆ ಪಂದ್ಯವೇ ಇಲ್ಲದ ರಜೆ ವಾರವನ್ನೂ ಮರೆಯಬೇಡಿ. 2024ರಲ್ಲಿ ಲಯನ್ಸ್‌ಗೆ 5ನೇ ವಾರ ರಜೆ. ಮೂವರು ಲಯನ್ಸ್ ಆಟಗಾರರನ್ನು ಹಿಡಿದವರ ತಂಡದಲ್ಲಿ ಆ ವಾರ ಮೂರು ಕುರ್ಚಿ ಖಾಲಿ. ಅದಕ್ಕೆ ಹೆದರಿ ಒಳ್ಳೆಯ ಆಟಗಾರನನ್ನು ಬಿಡಬೇಡಿ. ಬದಲಿ ಯಾರು ಎಂದು ಮೊದಲೇ ಯೋಚಿಸಿದ್ದರೆ ಸಾಕು.

ಹಂತ 9: ಹೆಸರಿನ ಮುಂದೆ ಸುತ್ತು ಬರೆಯಿರಿ

ಹಾವಿನಂತೆ ಸುತ್ತುವ ಡ್ರಾಫ್ಟ್‌ನಲ್ಲಿ (ಪ್ರತಿ ಸುತ್ತಿಗೂ ಸರದಿ ತಿರುಗುಮುರುಗಾಗುತ್ತದೆ) 12 ಜನರ ಪೈಕಿ ನಿಮ್ಮದು 5ನೇ ಸರದಿ ಅಂದುಕೊಳ್ಳಿ. ಮುಂದಿನ ಸರದಿ 20ನೆಯದು, ಆಮೇಲೆ 29. ಆ ಮಧ್ಯೆ ಯಾರು ಹೋಗುತ್ತಾರೆ ಅನ್ನುವುದು ನಿಮ್ಮ ಕೈಯಲ್ಲಿಲ್ಲ. ಆದ್ದರಿಂದ ಪ್ರತಿ ಆಟಗಾರನ ಮುಂದೆ ‘ಈ ಸುತ್ತಿಗಿಂತ ಮುಂಚೆ ಬೇಡ’ ಎಂದು ಬರೆದಿಡಿ. ನನ್ನ ಹಾಳೆ ಹೀಗಿರುತ್ತಿತ್ತು. ಸೇಂಟ್ ಬ್ರೌನ್ ಮೊದಲ ಸುತ್ತು, ಗಿಬ್ಸ್ ಎರಡು, ಮಾಂಟ್ಗಮರಿ ಐದು, ಲಪೋರ್ಟಾ ಐದು, ಜೇಮ್ಸನ್ ವಿಲಿಯಮ್ಸ್ ಒಂಬತ್ತು, ಗಾಫ್ ಹತ್ತರ ಆಸುಪಾಸು. ಲಪೋರ್ಟಾ ಅದಕ್ಕಿಂತ ಮುಂಚೆಯೇ ಹೋಗಿಬಿಡುತ್ತಿದ್ದರು. ಹೋಗಲಿ ಬಿಡಿ. ನಿಮ್ಮ ತಂಡದಲ್ಲಿ ಲಯನ್ಸ್ ಆಟಗಾರ ಇರಲೇಬೇಕು ಅಂತ ಯಾರೂ ನಿಯಮ ಮಾಡಿಲ್ಲ. ಊರಿನ ಅಭಿಮಾನಕ್ಕೆ ಒಂದು ಸುತ್ತು ಮುಂಚೆ ಕೊಳ್ಳುವುದು ಎಲ್ಲ ಲೀಗ್‌ನಲ್ಲೂ ನಡೆಯುತ್ತದೆ. ಪಕ್ಕದವರು ಹಾಗೆ ಮಾಡಿದಾಗ ನಿಮಗೆ ಇನ್ನೊಬ್ಬ ಒಳ್ಳೆಯ ಆಟಗಾರ ಸಿಗುತ್ತಾನೆ.

ಮುಂದಿನ ಆಗಸ್ಟ್‌ಗೆ ಇದೇ ಹಾಳೆ ಮತ್ತೆ ಬಳಸಬೇಡಿ. 2025ರ ಜನವರಿಯಲ್ಲಿ ಬೆನ್ ಜಾನ್ಸನ್ ಶಿಕಾಗೋ ಬೇರ್ಸ್‌ಗೆ ಮುಖ್ಯ ಕೋಚ್ ಆಗಿ ಹೋದರು. ಜೂನ್‌ನಲ್ಲಿ ರ‍್ಯಾಗ್ನೋ ನಿವೃತ್ತಿ ಹೇಳಿದರು. ಗಿಬ್ಸ್ ಅದೇ ಗಿಬ್ಸ್, ಸೇಂಟ್ ಬ್ರೌನ್ ಅದೇ ಸೇಂಟ್ ಬ್ರೌನ್. ಆದರೆ ಅವರ ಕೈಗೆ ಚೆಂಡು ಯಾವಾಗ, ಎಷ್ಟು ಸಲ ಬರಬೇಕು ಎಂದು ತೀರ್ಮಾನ ಮಾಡುತ್ತಿದ್ದವರು ಬದಲಾಗಿದ್ದರು. ಹೊಸ ಹಾಳೆ ತೆಗೆದು ಎರಡನೇ ಹಂತದಿಂದ ಶುರು ಮಾಡಿ. ಮೊದಲು ಜಾಗ, ಆಮೇಲೆ ಹೆಸರು.