ಕಾಲು ಊರಿದರೆ ಒಂದು

“ಯಾಂವ ಫಸ್ಟ್ ಬಂದ?”

“ಹತ್ತೊಂಬತ್ತು ಪಾಯಿಂಟ್ ಆದಾಂವ, ಕಾಕಾ.”

“ಮತ್ತ ಅರವತ್ತೆರಡು ಆದಾಂವ?”

“ಅಂವ ಕಡೀದಾಂವ.”

ಕಾಕಾ ನನ್ನ ಮುಖ ನೋಡಿದರು. ಜಮೀನು ಕೊಟ್ಟು ತಪ್ಪು ಮಾಡಿದೆನಾ ಎಂಬ ಅನುಮಾನ ಅವರಿಗೆ ಬಂದಂತಿತ್ತು.

ಬೈಕ್ ಟ್ರಯಲ್ಸ್ ಅಂದರೆ ನಮ್ಮ ಬೆಳಗಾವಿ ಕಡೆ ಎಲ್ಲರೂ ರೇಸ್ ಅಂತಲೇ ತಿಳಿಯುತ್ತಾರೆ. ಇದರಲ್ಲಿ ಓಟವೇ ಇಲ್ಲ. ಕಲ್ಲು, ಹಳ್ಳ, ದಿಬ್ಬ ಇರುವ ಒಂದು ಸಣ್ಣ ಜಾಗಕ್ಕೆ ಎರಡೂ ಕಡೆ ಗಡಿ ಹಾಕಿರುತ್ತಾರೆ. ಅದಕ್ಕೆ ಸೆಕ್ಷನ್ ಅಂತ ಹೆಸರು. ಕಾಲು ನೆಲಕ್ಕೆ ಊರದೆ ಅದನ್ನು ದಾಟಬೇಕು. ಶಾಲೆಯ ಗ್ಯಾದರಿಂಗ್‌ನಲ್ಲಿ ಸ್ಲೋ ಸೈಕಲ್ ರೇಸ್ ಇಡುತ್ತಿದ್ದರಲ್ಲ, ಅದಕ್ಕೆ ಕುಂಟಾಬಿಲ್ಲೆಯ ಗೆರೆ ಸೇರಿಸಿದರೆ ಹೆಚ್ಚು ಕಡಿಮೆ ಇದೇ ಆಟ. ಒಂದು ಸಲ ಕಾಲು ಊರಿದರೆ 1, ಎರಡು ಸಲಕ್ಕೆ 2, ಮೂರು ಅಥವಾ ಎಷ್ಟೇ ಸಲ ಊರಿದರೂ 3. ಬಿದ್ದರೆ, ಗಡಿ ದಾಟಿದರೆ, ಹಿಂದಕ್ಕೆ ಜಾರಿದರೆ 5. ಏನೂ ತಾಗದೆ ಬಂದರೆ ಸೊನ್ನೆ, ಅದನ್ನು ಕ್ಲೀನ್ ಅನ್ನುತ್ತಾರೆ. ಕಡಿಮೆ ಆದವರು ಗೆದ್ದಂತೆ. “ನಾಕು ಎಲ್ಲಿ ಹೋತು?” ಅಂತ ಕಾಕಾ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮೂರರ ಮೇಲೆ ಎಷ್ಟು ಊರಿದರೂ ಮೂರೇ ಅನ್ನುವುದರಲ್ಲಿ ಒಂದು ಚಾಲಾಕಿ ಇದೆ. ಬ್ಯಾಲೆನ್ಸ್ ತಪ್ಪಿತು ಅನ್ನಿಸಿದ ಕೂಡಲೇ ಮರ್ಯಾದೆ ಬಿಟ್ಟು, ಎರಡೂ ಕಾಲಿಂದ ನೆಲ ಒದೆಯುತ್ತಾ ಹೊರಗೆ ಬಂದುಬಿಡಬೇಕು. ಐದು ತಪ್ಪುತ್ತದೆ. ನಾನು ಇದನ್ನು ಕಲಿಯಲು ಎರಡು ವರ್ಷ ತಗೊಂಡೆ.

ಹುಚ್ಚು ಹತ್ತಿದ್ದು ಮೊಬೈಲಿನಲ್ಲಿ. ಸ್ಪೇನಿನ ಟೋನಿ ಬೋ ಬಂಡೆಯಿಂದ ಬಂಡೆಗೆ ಮೇಕೆಯ ಹಾಗೆ ಹಾರುವುದನ್ನು ನೋಡಿದೆ. ಈ ಮನುಷ್ಯ 2007 ರಲ್ಲಿ ವಿಶ್ವ ಚಾಂಪಿಯನ್ ಆದವನು ಆಮೇಲೆ ವರ್ಷ ವರ್ಷವೂ ಅದನ್ನು ಬಿಟ್ಟುಕೊಟ್ಟಿಲ್ಲ. ಅವನ ಬೈಕಿಗೆ ಸೀಟೇ ಇಲ್ಲ, ತೂಕ ಎಪ್ಪತ್ತು ಕೆಜಿ ಆಸುಪಾಸು. ನನ್ನ ಎಕ್ಸ್‌ಪಲ್ಸ್ 200 ಅದರ ಎರಡು ಪಟ್ಟಿಗಿಂತ ಜಾಸ್ತಿ ತೂಗುತ್ತದೆ. ಮುಂದೆ 21 ಇಂಚಿನ ಗಾಲಿ, ನೆಲದಿಂದ 220 ಮಿ.ಮೀ. ಎತ್ತರ, ಕಲ್ಲು ಹತ್ತಲು ಇದು ಅಡ್ಡಿಯಿಲ್ಲ. ತೊಂದರೆ ಇದ್ದದ್ದು ಮೊದಲ ಗೇರಿನಲ್ಲಿ. ನಡೆಯುವಷ್ಟು ನಿಧಾನಕ್ಕೆ ಹೋದರೆ ಇಂಜಿನ್ ಕೆಮ್ಮಿ ಬಂದ್ ಆಗುತ್ತಿತ್ತು. ಉದ್ಯಮಬಾಗದಲ್ಲಿ ಲೇಥ್ ಇಟ್ಟುಕೊಂಡಿರುವ ಗೆಳೆಯ ಹಿಂದಿನ ಗಾಲಿಗೆ ನಾಲ್ಕು ಹಲ್ಲು ಜಾಸ್ತಿ ಇರುವ ಸ್ಪ್ರಾಕೆಟ್, ಅಂದರೆ ಚೈನು ಕೂರುವ ಹಲ್ಲುಚಕ್ರ, ಮಾಡಿಕೊಟ್ಟ. ಹಲ್ಲು ಜಾಸ್ತಿ ಆದಷ್ಟೂ ಬೈಕ್ ನಿಧಾನಕ್ಕೆ ಎಳೆಯುತ್ತದೆ. ಚೈನಿಗೆ ಕೊಂಡಿ ಸೇರಿಸಬೇಕಾಯಿತು. ಇಂಜಿನ್ ಕೆಳಗೆ ಒಂದು ದಪ್ಪ ತಗಡು ಹಾಕಿದೆವು. ಅಷ್ಟೇ ಖರ್ಚು.

ಟೈರಿನ ಗಾಳಿಯಲ್ಲಿ ಮಾತ್ರ ಮೂರ್ಖನಾದೆ. ಟ್ರಯಲ್ಸ್ ಬೈಕಿನವರು ಹಿಂದಿನ ಟೈರಿಗೆ ನಾಲ್ಕೈದು ಪಿಎಸ್‌ಐ ಇಡುತ್ತಾರೆ ಅಂತ ಕೇಳಿ ನಾನೂ ಎಂಟಕ್ಕೆ ಇಳಿಸಿದೆ. ಅವರ ಹಿಂದಿನ ಟೈರು ಟ್ಯೂಬ್‌ಲೆಸ್, ನನ್ನದರಲ್ಲಿ ಟ್ಯೂಬು. ಮೊದಲ ಕಲ್ಲಿಗೇ ಟೈರು ರಿಮ್ಮಿನ ಮೇಲೆ ಸರಿದು ಟ್ಯೂಬಿನ ವಾಲ್ವ್ ಬುಡಸಮೇತ ಕಿತ್ತು ಬಂತು. ಮೂರು ಕಿಲೋಮೀಟರ್ ತಳ್ಳಿದೆ. ಈಗ ಹದಿನೈದಕ್ಕಿಂತ ಕೆಳಗೆ ಇಳಿಸುವುದಿಲ್ಲ.

ಎರಡು ವರ್ಷ ನಾವು ನಾಲ್ಕು ಜನ ಸುಮ್ನೆ ಭಾನುವಾರ ಆಡಿಕೊಂಡಿದ್ದೆವು. ಆಮೇಲೆ ಹನ್ನೊಂದು ಜನ ಆದೆವು, ಒಂದು ಪಂದ್ಯ ಇಡೋಣ ಅಂತ ಮಾತು ಬಂತು. ಯಳ್ಳೂರಿನ ಆಚೆ, ರಾಜಹಂಸಗಡ ಕಣ್ಣಿಗೆ ಬೀಳುವ ಕಡೆ, ಕಾಕಾನ ಹೊಲದ ಅಂಚಿಗೆ ಎರಡು ಎಕರೆ ಖರಾಬು ಇದೆ. ಜಂಬಿಟ್ಟಿಗೆ ಕಲ್ಲು, ಒಂದು ಸಣ್ಣ ಹಳ್ಳ, ಮುಳ್ಳುಜಾಲಿ. ಬೇಸಾಯಕ್ಕೆ ಬಾರದ ಜಮೀನು, ನಮಗೆ ಬಂಗಾರ. ಅರಣ್ಯದ ಕಡೆ ಹೋಗುವುದೇ ಬೇಡ ಅಂತ ಮೊದಲೇ ತೀರ್ಮಾನವಾಗಿತ್ತು. ಪಂಚಾಯ್ತಿಗೆ ಒಂದು, ಪೊಲೀಸ್ ಠಾಣೆಗೆ ಒಂದು ಅರ್ಜಿ ಕೊಟ್ಟೆವು. ಇದು ನಮ್ಮ ನಮ್ಮೊಳಗಿನ ಆಟ, ಟಿಕೆಟ್ ಇಲ್ಲ, ನಗದು ಬಹುಮಾನ ಇಲ್ಲ. ದೊಡ್ಡದಾಗಿ ಮಾಡುವವರು ದೇಶದ ಮೋಟಾರ್ ಕ್ರೀಡೆ ನೋಡಿಕೊಳ್ಳುವ ಸಂಸ್ಥೆ ಎಫ್‌ಎಂಎಸ್‌ಸಿಐ ಪರವಾನಗಿಯ ದಾರಿಯಲ್ಲೇ ಹೋಗಬೇಕು.

ಇನ್ಶೂರೆನ್ಸ್ ಹಾಳೆಯನ್ನು ಅವತ್ತೇ ಮೊದಲ ಸಲ ಪೂರ್ತಿ ಓದಿದ್ದು. ರೇಸ್, ಸ್ಪೀಡ್ ಟೆಸ್ಟಿಂಗ್, ‘ರಿಲಯಬಿಲಿಟಿ ಟ್ರಯಲ್ಸ್’ ಇವಕ್ಕೆ ಬಳಸಿದರೆ ಪಾಲಿಸಿ ಅನ್ವಯಿಸುವುದಿಲ್ಲ ಅಂತ ಸ್ಪಷ್ಟವಾಗಿ ಅಚ್ಚಾಗಿದೆ. ನಮ್ಮ ಆಟದ ಹೆಸರೇ ಅಲ್ಲಿತ್ತು! ಬೈಕಿಗೆ ಏನಾದರೂ ಅವರವರ ಜೇಬಿಂದಲೇ ಅಂತ ಎಲ್ಲರಿಗೂ ಹೇಳಿ, ಬರೆಸಿಕೊಂಡು ಸಹಿ ಹಾಕಿಸಿದೆ.

ದಿನ ಗೊತ್ತು ಮಾಡುವುದೂ ಸಲೀಸಲ್ಲ. ಜೂನ್‌ನಿಂದ ಸೆಪ್ಟೆಂಬರ್ ಇಲ್ಲಿ ಮಳೆ ಬಿಡುವುದಿಲ್ಲ. ನವೆಂಬರ್ 1 ರ ರಾಜ್ಯೋತ್ಸವಕ್ಕೆ ಇಡೀ ಊರು ರಸ್ತೆಯಲ್ಲಿರುತ್ತದೆ. ಅದರ ಮುಂದಿನ ಭಾನುವಾರ ಇಟ್ಟೆವು. ನೆಲ ಗಟ್ಟಿಯಾಗಿತ್ತು, ಹಳ್ಳದಲ್ಲಿ ಮೊಣಕಾಲಿಗಿಂತ ಕಡಿಮೆ ನೀರಿತ್ತು.

ನನಗೆ ಬೈಕ್ ಓಡಿಸುವುದಕ್ಕಿಂತ ಕಷ್ಟವಾದದ್ದು ಸೆಕ್ಷನ್ ಹಾಕುವುದು. ಹಾರೆ, ಸುಣ್ಣದ ಚೀಲ, ಬಿದಿರಿನ ಗೂಟ ಹಿಡಿದು ಎರಡು ದಿನ ಅಲೆದೆ. ಬಲಕ್ಕೆ ಕೆಂಪು ಬಟ್ಟೆ, ಎಡಕ್ಕೆ ನೀಲಿ. ಮೊದಲ ದಿನ ಹಾಕಿದ್ದೆಲ್ಲ ನನ್ನ ಬೈಕಿಗೆ, ನನ್ನ ಅಹಂಕಾರಕ್ಕೆ ಹಾಕಿದ್ದು. ಎರಡು ಅಡಿ ಎತ್ತರದ ಕಲ್ಲು ಹತ್ತಿಸಿ ಇಳಿಸಿದ್ದೆ. ಹಾಲು ಹಾಕುವ ಗೆಳೆಯ ತನ್ನ ಸ್ಪ್ಲೆಂಡರ್ ತಂದು ನೋಡಿದ. ಇಂಜಿನ್ ಹೊಟ್ಟೆ ಕಲ್ಲಿಗೆ ಬಡಿದ ಸದ್ದಿಗೆ ಅವನ ಮುಖವೇ ಬದಲಾಯಿತು. “ನಾಳಿ ಮುಂಜಾನೆ ಇದರ ಮ್ಯಾಲೇ ಹಾಲು ಹಾಕ್ಬೇಕಲೇ ನಾ” ಅಂದ.

ರಾತ್ರಿ ಕೂತು ಯೋಚನೆ ಮಾಡಿ ಮರುದಿನ ಎಲ್ಲ ಕಿತ್ತು ಹಾಕಿದೆ. ಎತ್ತರ ಹೆಚ್ಚಿಸಿದರೆ ಬೈಕ್ ಮುರಿಯುತ್ತದೆ. ತಿರುವು ಹೆಚ್ಚಿಸಿದರೆ ಮನುಷ್ಯ ಬೆವರುತ್ತಾನೆ. ನಾಲ್ಕನೇ ಸೆಕ್ಷನ್ ನೋಡಿ: ಗೇಣುದ್ದದ ಒಂದು ಮೆಟ್ಟಿಲು, ಅಷ್ಟೇ. ಆದರೆ ಅದಕ್ಕೆ ಮೊದಲು ಜಾಲಿಗಿಡ ಸುತ್ತಿ ಬಲಕ್ಕೆ ತಿರುಗಬೇಕು. ಓಟ ತಗೊಳ್ಳಲು ಜಾಗವೇ ಇಲ್ಲ. ಬೈಕನ್ನು ಒಳಗೆ ವಾಲಿಸಿ, ಮೈಯನ್ನು ಹೊರಗೆ ಇಟ್ಟು, ಹೊರಗಿನ ಫುಟ್‌ರೆಸ್ಟ್ ಮೇಲೆ ಭಾರ ಹಾಕಿ, ಅರ್ಧ ಕ್ಲಚ್ಚಿನಲ್ಲೇ ತಿರುಗಿ, ಮೆಟ್ಟಿಲಿನ ಬುಡದಲ್ಲಿ ಒಮ್ಮೆ ಮಾತ್ರ ಆಕ್ಸಿಲೇಟರ್ ಕೊಡಬೇಕು. ಹತ್ತುವಾಗ ಕೊಟ್ಟರೆ ಹಿಂದಿನ ಗಾಲಿ ಸುತ್ತುತ್ತದೆ, ಅಲ್ಲೇ ನಿಲ್ಲುತ್ತೀರಿ. ಅವತ್ತು ಇದನ್ನು ಅತಿ ಚಂದ ದಾಟಿದ್ದು ಹಳೆಯ ಸಿಟಿ 100. ಹಗುರ ಬೈಕು, ಹ್ಯಾಂಡಲ್ ಪೂರ್ತಿ ತಿರುಗುತ್ತದೆ. ನನ್ನ ಎಕ್ಸ್‌ಪಲ್ಸ್ ಜಾಲಿಗಿಡಕ್ಕೆ ಮೂರು ಸಲ ಮುತ್ತಿಟ್ಟಿತು.

ಬೀಳುವ ಜಾಗವನ್ನೂ ಹುಡುಕಬೇಕು. ಪ್ರತಿ ಸೆಕ್ಷನ್‌ನಲ್ಲಿ ನಾನೇ ಬೇಕಂತ ಎರಡೂ ಬದಿಗೆ ಬಿದ್ದು ನೋಡಿದೆ. ಚೂಪು ಕಲ್ಲು ಇದ್ದರೆ ಹಾರೆಯಿಂದ ಎಬ್ಬಿಸಿ ತೆಗೆದೆ. ಇಷ್ಟಾದರೂ ಒಬ್ಬನ ಮಣಿಕಟ್ಟು ಉಳುಕಿತು. ಒಂದು ಕಾರು ಊರ ಕಡೆ ಮುಖ ಮಾಡಿ, ಕೀಲಿ ಅದರಲ್ಲೇ ಬಿಟ್ಟು ನಿಲ್ಲಿಸಿದ್ದೆವು. ಅದು ಕೆಲಸಕ್ಕೆ ಬಂತು.

ಆರು ಸೆಕ್ಷನ್, ಮೂರು ಸುತ್ತು. ಎಲ್ಲದರಲ್ಲೂ ಸೋತರೆ ತೊಂಬತ್ತು. ಸೆಕ್ಷನ್‌ಗೆ ಒಬ್ಬರಂತೆ ಆರು ಜನ ನೋಡುವವರು ಬೇಕು. ಬೈಕ್ ಗೊತ್ತಿರುವವರನ್ನು ಕೂರಿಸಬೇಡಿ, ಅವರಿಗೆ ಕನಿಕರ ಜಾಸ್ತಿ. ನಾನು ಒಬ್ಬ ಪಿ.ಟಿ. ಮಾಸ್ತರನ್ನು, ನನ್ನ ಅಕ್ಕನನ್ನು ಹಿಡಿದು ತಂದೆ. ಅಕ್ಕ ಬ್ಯಾಂಕಿನಲ್ಲಿ ಕ್ಯಾಷಿಯರ್.

“ಅಕ್ಕಾ, ಕಾಲು ತಾಗಿಲ್ಲ.”

“ಬೂಟಿನ ಗುರುತು ಇಲ್ಲೇ ಐತಿ. ಎರಡು.”

ಪಾಯಿಂಟ್ ಕಾರ್ಡಿನ ಮೇಲೆ ಪೆನ್ನಿನಿಂದ ಬರೆದರೆ ಬೆವರಿಗೆ ಅಳಿಸುತ್ತದೆ. ಫೈಲಿಗೆ ತೂತು ಹೊಡೆಯುವ ಪಂಚ್ ಆರು ತಂದಿದ್ದೆ. ಕೊರಳಿಗೆ ದಾರದಲ್ಲಿ ಕಾರ್ಡು, ಅದರ ಮೇಲೆ ತೂತು. ತಕರಾರೇ ಇಲ್ಲ.

ಒಂದು ತಪ್ಪು ಮಾಡಿದೆವು. ಏಳೂವರೆಗೇ ಶುರು ಮಾಡಿದ್ದು. ಇಬ್ಬನಿ ಬಿದ್ದ ಜಂಬಿಟ್ಟಿಗೆ ಸೋಪಿನ ಹಾಗೆ ಜಾರುತ್ತದೆ. ಮೊದಲು ಹೋದವರಿಗೆಲ್ಲ ಐದು, ಬಿಸಿಲು ಬಂದ ಮೇಲೆ ಹೋದವರಿಗೆ ಸೊನ್ನೆ. ಅನ್ಯಾಯ ಅಂತ ಗಲಾಟೆ ಆಯಿತು, ಅದು ನ್ಯಾಯವಾಗಿಯೇ ಇತ್ತು. ಮೊದಲ ಸುತ್ತು ಅಳಿಸಿ, ಅವಲಕ್ಕಿ ತಿಂದು, ಒಂಬತ್ತೂವರೆಗೆ ಮತ್ತೆ ಶುರು ಮಾಡಿದೆವು. ಎರಡನೇ ಸುತ್ತಿನ ನಡುವೆ ಕಾಕಾನ ಎಮ್ಮೆಗಳು ಹಳ್ಳದ ಸೆಕ್ಷನ್ ದಾಟಿದವು, ಒಂದೂ ಗೂಟ ಬೀಳಿಸದೆ. ಮಾಸ್ತರು ‘ಕ್ಲೀನ್’ ಅಂತ ಕೂಗಿದರು.

ಇಬ್ಬರಿಗೆ ಹತ್ತೊಂಬತ್ತೇ ಆಗಿತ್ತು. ಹೀಗಾದರೆ ಸೊನ್ನೆ ಜಾಸ್ತಿ ಇರುವವರು ಮೇಲೆ, ಹಾಗಾಗಿ ಸಿಟಿ 100 ಹುಡುಗ ಗೆದ್ದ. ಅರ್ಧ ಕಿಲೋ ಕುಂದಾ ಬಹುಮಾನ. ನನಗೆ ಮೂವತ್ನಾಲ್ಕು, ಆರನೇ ಜಾಗ. ನಾನೇ ಹಾಕಿದ ಸೆಕ್ಷನ್‌ನಲ್ಲಿ!

ರೊಟ್ಟಿ, ಝುಣಕ ಮುಗಿಸಿ ಗೂಟ ಕಿತ್ತು, ಸುಣ್ಣದ ಗೆರೆ ಅಳಿಸಿ ಜಮೀನು ಇದ್ದ ಹಾಗೆ ಬಿಟ್ಟು ಬಂದೆವು. ಹೋದ ವಾರ ಕಾಕಾ ಫೋನ್ ಮಾಡಿದ್ದರು. ಮಳೆ ಬೆಳೆ ಎಲ್ಲ ಮಾತಾಡಿ ಕೊನೆಗೆ, “ಆ ಜಾಲಿಗಿಡದ ಮುಂದಿನ ಕಲ್ಲು ನಾ ಒಂಚೂರು ಸರಿಸೇನಿ ನೋಡು” ಅಂದರು. ಯಾವ ಕಡೆಗೆ ಅಂತ ಎಷ್ಟು ಕೇಳಿದರೂ ಹೇಳಲಿಲ್ಲ.