ಪರದೆ ಬೆಳಗಿತು, ಸದ್ದು ಎಲ್ಲಿ ಹೋಯಿತು?

ಹೊಸ ಮಾನಿಟರ್ ಮೇಜಿನ ಮೇಲೆ ಕೂತಿದೆ. ಎಚ್‌ಡಿಎಂಐ ಕೇಬಲ್ ಸಿಕ್ಕಿಸಿದ್ದೀರಿ. ಚಿತ್ರ ಝಗಮಗ ಎನ್ನುತ್ತಿದೆ. ಹಾಡು ಹಾಕಿದರೆ ಮಾತ್ರ ತುಟಿಪಿಟಿಕ್ ಇಲ್ಲ. ಇಂಥ ಹೊತ್ತಿನಲ್ಲಿ ಎಲ್ಲರೂ ಮೊದಲು ಬೈಯುವುದು ಕೇಬಲನ್ನು. ನಾನೂ ಅದನ್ನೇ ಮಾಡಿದ್ದೆ. ಎರಡು ಕೇಬಲ್ ಬದಲಿಸಿ, ಅರ್ಧ ಗಂಟೆ ಮೇಜಿನ ಕೆಳಗೆ ತಲೆ ತೂರಿಸಿಕೊಂಡು ಕೂತಿದ್ದೆ. ಕೊನೆಗೆ ನೋಡಿದರೆ, ಡ್ರಾಯರ್ ಒಳಗಿದ್ದ ಬ್ಲೂಟೂತ್ ಹೆಡ್‌ಫೋನ್‌ನಲ್ಲಿ ಹಾಡು ಅಷ್ಟು ಹೊತ್ತೂ ಆರಾಮಾಗಿ ಓಡುತ್ತಿತ್ತು.

ಎಚ್‌ಡಿಎಂಐ ಕೇಬಲ್‌ನಲ್ಲಿ ಚಿತ್ರ ಹೋಗುವ ತಂತಿಗಳಲ್ಲೇ ಸದ್ದೂ ಹೋಗುತ್ತದೆ. ಪರದೆಯ ಒಂದು ಸಾಲು ಮುಗಿದು ಮುಂದಿನದು ಶುರುವಾಗುವ ಮಧ್ಯೆ ಚೂರು ಬಿಡುವು ಇರುತ್ತದೆ. ಆ ಸಂದಿಯಲ್ಲಿ ಸದ್ದಿನ ಪುಟ್ಟ ಪೊಟ್ಟಣಗಳನ್ನು ತೂರಿಸಿ ಕಳಿಸುತ್ತಾರೆ. ಹಾಗಾಗಿ ಚಿತ್ರ ಚುಕ್ಕೆ, ಮಿನುಗು ಇಲ್ಲದೆ ಬರುತ್ತಿದ್ದರೆ ಕೇಬಲ್ ಸರಿ ಇದೆ ಅಂತಲೇ ಲೆಕ್ಕ. ಇದಕ್ಕೊಂದು ಅಪವಾದ ಇದೆ, ಅದನ್ನು ಆಮೇಲೆ ನೋಡೋಣ.

ಮೊದಲು ಕಣ್ಣಿಗೆ ಕಾಣುವುದು

ಕೇಬಲ್‌ನ ಎರಡೂ ತುದಿ ನೋಡಿ. ಎರಡರಲ್ಲೂ ಎಚ್‌ಡಿಎಂಐ ಇದ್ದರೆ ಚಿಂತೆಯಿಲ್ಲ. ಡಿಸ್‌ಪ್ಲೇಪೋರ್ಟ್ ಕೂಡ ಸದ್ದು ಒಯ್ಯುತ್ತದೆ. ಒಂದು ತುದಿಯಲ್ಲಿ ನೀಲಿ ಬಣ್ಣದ ವಿಜಿಎ ಇದ್ದರೆ ಹುಡುಕಾಟ ಅಲ್ಲಿಗೇ ಮುಗಿಯಿತು. 1987ರ ಆ ಪದ್ಧತಿ ಒಯ್ಯುವುದು ಚಿತ್ರ ಮಾತ್ರ. ವಿಜಿಎಯನ್ನು ಎಚ್‌ಡಿಎಂಐಗೆ ಬದಲಿಸುವ ಡಬ್ಬಿಗಳಲ್ಲಿ ಸದ್ದಿಗೆಂದೇ 3.5 ಮಿ.ಮೀ. ತಂತಿ ಬೇರೆ ಇರುತ್ತದೆ, ಅದನ್ನೂ ಸಿಕ್ಕಿಸಬೇಕು. 1999ರ ಡಿವಿಐಯಲ್ಲೂ ಸದ್ದಿಗೆ ಜಾಗವಿಲ್ಲ. ಕೆಲವು ಗ್ರಾಫಿಕ್ಸ್ ಕಾರ್ಡ್‌ಗಳು ಡಿವಿಐ ಮೂಲಕವೂ ಹೇಗೋ ಸದ್ದು ಕಳಿಸುತ್ತವೆ, ಆದರೆ ಅದನ್ನು ನಂಬಿ ಕೂರಬೇಡಿ.

ಇನ್ನೊಂದು ಪ್ರಶ್ನೆ ಕೇಳಲು ಸ್ವಲ್ಪ ಮುಜುಗರ. ನಿಮ್ಮ ಮಾನಿಟರ್‌ಗೆ ಸ್ಪೀಕರ್ ಇದೆಯಾ? ಎಷ್ಟೋ ಮಾನಿಟರ್‌ಗಳಿಗೆ ಇರುವುದೇ ಇಲ್ಲ. ಹಿಂಬದಿಯಲ್ಲಿ ಹೆಡ್‌ಫೋನ್ ತೂತು ಇದ್ದರೆ, ಎಚ್‌ಡಿಎಂಐಯಲ್ಲಿ ಬಂದ ಸದ್ದು ಸಾಮಾನ್ಯವಾಗಿ ಅಲ್ಲಿಂದ ಹೊರಬರುತ್ತದೆ. ಸ್ಪೀಕರ್ ಇದ್ದರೆ ಮಾನಿಟರ್‌ನ ಮೆನು ತೆಗೆದು ವಾಲ್ಯೂಮ್ ಸೊನ್ನೆಯಲ್ಲಿದೆಯೇ, ಮ್ಯೂಟ್ ಆಗಿದೆಯೇ ನೋಡಿ. ಕೆಲವದರಲ್ಲಿ ಸದ್ದು ಎಲ್ಲಿಂದ ಬರಬೇಕು ಎಂದು ಆರಿಸುವ ಸಾಲೂ ಇರುತ್ತದೆ. ಅದು ‘ಲೈನ್ ಇನ್’ ಮೇಲಿದ್ದರೆ ‘ಎಚ್‌ಡಿಎಂಐ’ಗೆ ತನ್ನಿ. ಮಾನಿಟರ್ ಬದಲು ಟಿವಿ ಇಟ್ಟುಕೊಂಡವರು, ಅದು ಸದ್ದನ್ನು ಸೌಂಡ್‌ಬಾರ್‌ಗೆ ಕಳಿಸಿ ತನ್ನ ಸ್ಪೀಕರ್ ಮುಚ್ಚಿಕೊಂಡಿದೆಯೇ ಎಂದು ನೋಡಬೇಕು.

ಸದ್ದು ಬೇರೆ ದಾರಿ ಹಿಡಿದಿದೆಯಾ?

ಹತ್ತರಲ್ಲಿ ಎಂಟು ಸಲ ಗುಟ್ಟು ಇರುವುದು ಇಲ್ಲಿ ಎಂಬುದು ನನ್ನ ಅಂದಾಜು. ಡೆಸ್ಕ್‌ಟಾಪ್‌ನಲ್ಲಿ ಸದ್ದು ಹೊರಡಿಸುವ ಜಾಗ ಒಂದಲ್ಲ, ಕನಿಷ್ಠ ಎರಡು. ಮದರ್‌ಬೋರ್ಡ್ ಮೇಲೊಂದು ಸೌಂಡ್ ಚಿಪ್ ಇರುತ್ತದೆ. ಹಿಂದಿನ ಹಸಿರು ತೂತು ಅದರದು. ಕಂಪ್ಯೂಟರ್‌ನ ಸದ್ದಿನ ಪಟ್ಟಿಯಲ್ಲಿ ಅದು ಹೆಚ್ಚಾಗಿ ‘ರಿಯಲ್‌ಟೆಕ್’ ಹೆಸರಿನಲ್ಲಿ ಕಾಣುತ್ತದೆ. ಎಚ್‌ಡಿಎಂಐಗೆ ಹೋಗುವ ಸದ್ದು ಹೊರಡುವುದು ಗ್ರಾಫಿಕ್ಸ್ ಚಿಪ್‌ನಿಂದ. ಅದರ ಹೆಸರು ‘ಎನ್‌ವಿಡಿಯಾ ಹೈ ಡೆಫಿನಿಷನ್ ಆಡಿಯೊ’, ‘ಎಎಂಡಿ ಹೈ ಡೆಫಿನಿಷನ್ ಆಡಿಯೊ’ ಅಥವಾ ‘ಇಂಟೆಲ್ ಡಿಸ್‌ಪ್ಲೇ ಆಡಿಯೊ’ ಎಂದಿರುತ್ತದೆ. ಮಾನಿಟರ್‌ನ ಮಾದರಿ ಹೆಸರೂ ಪಕ್ಕದಲ್ಲಿರುತ್ತದೆ. ರಿಯಲ್‌ಟೆಕ್ ಆರಿಸಿಕೊಂಡು ಎಷ್ಟೇ ವಾಲ್ಯೂಮ್ ಏರಿಸಿದರೂ ಮಾನಿಟರ್ ಮಾತಾಡುವುದಿಲ್ಲ.

ವಿಂಡೋಸ್ 11ರಲ್ಲಿ ವಿಂಡೋಸ್ ಕೀ, ಕಂಟ್ರೋಲ್ ಮತ್ತು ವಿ ಕೀಗಳನ್ನು ಒಟ್ಟಿಗೆ ಒತ್ತಿ. ಸದ್ದು ಎಲ್ಲಿಗೆ ಹೋಗಬೇಕು ಎಂಬ ಪಟ್ಟಿ ತೆರೆಯುತ್ತದೆ. ವಿಂಡೋಸ್ 10ರಲ್ಲಿ ಕೆಳಗಿನ ಸ್ಪೀಕರ್ ಗುರುತು ಒತ್ತಿ, ಮೇಲೆ ಕಾಣುವ ಹೆಸರಿನ ಪಕ್ಕದ ಬಾಣ ಒತ್ತಿದರೆ ಅದೇ ಪಟ್ಟಿ ಸಿಗುತ್ತದೆ. ಮಾನಿಟರ್ ಹೆಸರು ಆರಿಸಿ ಹಾಡು ಹಾಕಿ ನೋಡಿ. ಆದರೂ ಸದ್ದಿಲ್ಲವೇ? ವಾಲ್ಯೂಮ್ ಮಿಕ್ಸರ್ ತೆರೆಯಿರಿ. ಅಲ್ಲಿ ಒಂದೊಂದು ಆ್ಯಪ್‌ಗೂ ಬೇರೆ ಬೇರೆ ದಾರಿ ಹಾಕಿಟ್ಟಿರಬಹುದು. ಬ್ರೌಸರ್ ಒಂದೇ ಮೌನವಾಗಿದ್ದರೆ ಅದನ್ನು ಪೂರ್ತಿ ಮುಚ್ಚಿ ಮತ್ತೆ ತೆರೆದರೂ ಸಾಕಾಗುತ್ತದೆ.

ಪಟ್ಟಿಯಲ್ಲಿ ಮಾನಿಟರ್ ಹೆಸರೇ ಇಲ್ಲದಿದ್ದರೆ ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಕೆಳಗೆ ಹೋಗಿ ‘ಮೋರ್ ಸೌಂಡ್ ಸೆಟ್ಟಿಂಗ್ಸ್’ ಒತ್ತಿ. ವಿಂಡೋಸ್ 10ರಲ್ಲಿ ಇದು ‘ಸೌಂಡ್ ಕಂಟ್ರೋಲ್ ಪ್ಯಾನೆಲ್’. ‘ಪ್ಲೇಬ್ಯಾಕ್’ ಪುಟದ ಖಾಲಿ ಜಾಗದಲ್ಲಿ ಮೌಸ್‌ನ ಬಲಗುಂಡಿ ಒತ್ತಿ ‘ಶೋ ಡಿಸೇಬಲ್ಡ್ ಡಿವೈಸಸ್’ಗೆ ಟಿಕ್ ಹಾಕಿ. ಮಂಕಾಗಿ ಮಲಗಿದ್ದ ಮಾನಿಟರ್ ಎದ್ದು ಬರಬಹುದು. ಅದನ್ನು ‘ಎನೇಬಲ್’ ಮಾಡಿ, ‘ಸೆಟ್ ಡಿಫಾಲ್ಟ್’ ಒತ್ತಿ.

ಲಿನಕ್ಸ್‌ನವರಿಗೆ ಇದೇ ಕೆಲಸ ಪಲ್ಸ್‌ಆಡಿಯೊ ವಾಲ್ಯೂಮ್ ಕಂಟ್ರೋಲ್‌ನಲ್ಲಿ. ಅದರ ‘ಕಾನ್ಫಿಗರೇಷನ್’ ಪುಟದಲ್ಲಿ ಗ್ರಾಫಿಕ್ಸ್ ಕಾರ್ಡ್‌ನ ಪ್ರೊಫೈಲ್ ಅನ್ನು ಎಚ್‌ಡಿಎಂಐಗೆ ಬದಲಿಸಿ. ಎಚ್‌ಡಿಎಂಐ ಹೆಸರಿನ ಎರಡು ಮೂರು ಸಾಲುಗಳಿದ್ದರೆ ಒಂದೊಂದನ್ನೇ ಹಾಕಿ ನೋಡುವುದೇ ಸುಲಭದ ದಾರಿ.

ಡ್ರೈವರ್ ವಿಚಾರ

ಇಲ್ಲಿ ಜನ ಜಾಸ್ತಿ ಎಡವುತ್ತಾರೆ. ಡ್ರೈವರ್ ಅಂದರೆ ಒಂದು ಚಿಪ್ಪನ್ನು ಕಂಪ್ಯೂಟರ್ ಬಳಸುವಂತೆ ಮಾಡುವ ಸಾಫ್ಟ್‌ವೇರ್. ಸದ್ದಿಲ್ಲ ಅಂತ ಸೌಂಡ್ ಡ್ರೈವರ್ ಹುಡುಕಿ ಹಾಕುತ್ತಾರೆ. ಅದು ರಿಯಲ್‌ಟೆಕ್‌ದು, ಹಸಿರು ತೂತಿನದು. ನಮಗೆ ಬೇಕಿರುವುದು ಗ್ರಾಫಿಕ್ಸ್ ಡ್ರೈವರ್. ಎಚ್‌ಡಿಎಂಐ ಸದ್ದಿನ ಭಾಗ ಅದರ ಜೊತೆಗೇ ಬರುತ್ತದೆ. ಆ ಡ್ರೈವರ್ ಹಾಕುವಾಗ ‘ಕಸ್ಟಮ್’ ಆರಿಸಿ, ಬೇಡದ್ದು ಯಾಕೆ ಅಂತ ‘ಎಚ್‌ಡಿ ಆಡಿಯೊ’ ಎದುರಿನ ಟಿಕ್ ತೆಗೆದುಬಿಟ್ಟವರೂ ಇದ್ದಾರೆ!

ವಿಂಡೋಸ್‌ನ ಡಿವೈಸ್ ಮ್ಯಾನೇಜರ್ ತೆರೆದು ‘ಸೌಂಡ್, ವಿಡಿಯೊ ಆ್ಯಂಡ್ ಗೇಮ್ ಕಂಟ್ರೋಲರ್ಸ್’ ಸಾಲನ್ನು ಬಿಡಿಸಿ. ಗ್ರಾಫಿಕ್ಸ್ ಕಂಪನಿಯ ಹೆಸರಿನ ಆಡಿಯೊ ಅಲ್ಲಿರಬೇಕು. ಪಕ್ಕದಲ್ಲಿ ಕೆಳಮುಖದ ಬಾಣ ಇದ್ದರೆ ಯಾರೋ ಅದನ್ನು ಆಫ್ ಮಾಡಿದ್ದಾರೆ ಎಂದರ್ಥ, ‘ಎನೇಬಲ್’ ಮಾಡಿ. ಹೆಸರೇ ಇಲ್ಲವೆಂದರೆ ಚಿಪ್ ತಯಾರಿಸಿದ ಕಂಪನಿಯ ತಾಣದಿಂದ ಪೂರ್ತಿ ಡ್ರೈವರ್ ಇಳಿಸಿ, ಏನನ್ನೂ ಬಿಡದೆ ಹಾಕಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ.

ಹಳೇ ಯಂತ್ರ ಇಟ್ಟುಕೊಂಡವರಿಗೆ ಒಂದು ಮಾತು. 2008ರ ಆಸುಪಾಸಿನ ಕೆಲವು ಎನ್‌ವಿಡಿಯಾ ಕಾರ್ಡ್‌ಗಳಿಗೆ ತಮ್ಮದೇ ಸದ್ದು ಇರಲಿಲ್ಲ. ಮದರ್‌ಬೋರ್ಡ್‌ನಿಂದ ಕಾರ್ಡ್‌ಗೆ ಡಿಜಿಟಲ್ ಸದ್ದು ಒಯ್ಯುವ ಒಂದು ಪುಟ್ಟ ಎಸ್‌ಪಿಡಿಐಎಫ್ ತಂತಿ ಎಳೆಯಬೇಕಿತ್ತು. ಆ ತಂತಿ ಇಲ್ಲದೆ ಯಾವ ಡ್ರೈವರ್ ಹಾಕಿದರೂ ಉಪಯೋಗವಿಲ್ಲ.

ಸಿನಿಮಾ ಮಾತ್ರ ಮೂಕವೇ?

ವಿಂಡೋಸ್‌ನ ‘ಟಿಂಗ್’ ಕೇಳುತ್ತದೆ, ಸಿನಿಮಾ ಮಾತ್ರ ಮೂಕ. ಹೀಗಾದರೆ ಪ್ಲೇಯರ್‌ನ ಸೆಟ್ಟಿಂಗ್ ನೋಡಿ. ಅದು ಡಾಲ್ಬಿ ಪದ್ಧತಿಯಲ್ಲಿ ಮಡಚಿಟ್ಟ ಸದ್ದನ್ನು ಬಿಚ್ಚದೆ ಹಾಗೇ ಕಳಿಸುತ್ತಿರಬಹುದು. ಸೌಂಡ್‌ಬಾರ್‌ಗೆ ಅದು ಅರ್ಥವಾಗುತ್ತದೆ, ಸಾಮಾನ್ಯ ಮಾನಿಟರ್‌ಗೆ ಆಗುವುದಿಲ್ಲ. ‘ಪಾಸ್‌ಥ್ರೂ’ ಆಫ್ ಮಾಡಿ, ಸ್ಟೀರಿಯೊ ಇಡಿ.

ಕೇಬಲ್‌ನ ಸರದಿ

ಈಗ ಆ ಅಪವಾದಕ್ಕೆ ಬರೋಣ. ಎಚ್‌ಡಿಎಂಐಯಲ್ಲಿ 19 ಪಿನ್‌ಗಳಿವೆ. ಅವುಗಳಲ್ಲಿ 15 ಮತ್ತು 16ರ ಕೆಲಸ ಚಿತ್ರ ಒಯ್ಯುವುದಲ್ಲ, ಪರಿಚಯ ಮಾಡಿಕೊಡುವುದು. ನಾನು ಇಂಥ ಮಾದರಿ, ಇಷ್ಟು ಪಿಕ್ಸೆಲ್ ತೋರಿಸಬಲ್ಲೆ, ನನಗೆ ಸದ್ದೂ ಕೊಡಬಹುದು ಎಂದು ಮಾನಿಟರ್ ಕಂಪ್ಯೂಟರ್‌ಗೆ ಈ ತಂತಿಗಳಲ್ಲೇ ತಿಳಿಸುತ್ತದೆ. ಈ ಪರಿಚಯ ಚೀಟಿಯ ಹೆಸರು ಇಡಿಐಡಿ. ಚೀಟಿ ತಲುಪದಿದ್ದರೂ ಚಿತ್ರ ಬರಬಹುದು. ಆದರೆ ಇದಕ್ಕೆ ಸದ್ದು ಬೇಡವೇನೋ ಅಂತ ಕಂಪ್ಯೂಟರ್ ಸುಮ್ನೆ ಆಗಿಬಿಡುತ್ತದೆ.

ಗುರುತು ಹಿಡಿಯುವುದು ಸುಲಭ. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಮಾನಿಟರ್‌ನ ನಿಜ ಹೆಸರಿನ ಬದಲು ‘ಜೆನೆರಿಕ್ ನಾನ್ ಪಿಎನ್‌ಪಿ ಮಾನಿಟರ್’ ಎಂದಿದ್ದು, ರೆಸಲ್ಯೂಷನ್ ಕೂಡ ಕಡಿಮೆ ಇದ್ದರೆ ಚೀಟಿ ಕಳೆದುಹೋಗಿದೆ. ಮೊದಲು ಮಾನಿಟರ್, ಕಂಪ್ಯೂಟರ್ ಎರಡನ್ನೂ ಆಫ್ ಮಾಡಿ, ಪವರ್ ತಂತಿ ಕಿತ್ತು, ಒಂದೆರಡು ನಿಮಿಷ ಬಿಡಿ. ಮಾನಿಟರ್ ಮೊದಲು ಆನ್ ಮಾಡಿ, ಆಮೇಲೆ ಕಂಪ್ಯೂಟರ್. ನಡುವೆ ಸ್ಪ್ಲಿಟರ್, ಸ್ವಿಚ್, ಅಡಾಪ್ಟರ್ ಏನಿದ್ದರೂ ತೆಗೆದು ನೇರವಾಗಿ ಸಿಕ್ಕಿಸಿ. ಚೀಟಿ ಕಳೆಯುವುದರಲ್ಲಿ ಇವು ಎತ್ತಿದ ಕೈ. ಇಷ್ಟಾದ ಮೇಲೂ ಹೆಸರು ಬರದಿದ್ದರೆ ಈಗ ಕೇಬಲ್ ಬದಲಿಸಿ. ಬೇರೆ ಎಚ್‌ಡಿಎಂಐ ಪೋರ್ಟ್‌ಗೆ ಹಾಕಿದರೆ ನೆನಪಿಡಿ, ಸದ್ದಿನ ಪಟ್ಟಿಯಲ್ಲೂ ಮತ್ತೆ ಆರಿಸಬೇಕಾಗಬಹುದು.

ಅಂದ ಹಾಗೆ, ಇಷ್ಟೆಲ್ಲ ಹೇಳಿಕೊಟ್ಟ ನಾನು ಈಗ ಎಚ್‌ಡಿಎಂಐ ಸದ್ದನ್ನು ಬಳಸುತ್ತಿಲ್ಲ. ಸರಿ ಮಾಡಿ ಕೇಳಿದ ಮೇಲೆ ಗೊತ್ತಾಯಿತು, ನನ್ನ ಮಾನಿಟರ್‌ನ ಸ್ಪೀಕರ್ ಡಬ್ಬದೊಳಗಿಂದ ಮಾತಾಡಿದ ಹಾಗೆ ಕೇಳುತ್ತದೆ. ಹಳೇ ಸ್ಪೀಕರ್ ಜೋಡಿಯನ್ನು ಮತ್ತೆ ಹಸಿರು ತೂತಿಗೆ ಸಿಕ್ಕಿಸಿ, ಪಟ್ಟಿಯಲ್ಲಿ ರಿಯಲ್‌ಟೆಕ್ ಆರಿಸಿದೆ.